ಫೋಟೋದಂತೆ ಕಾಣುವ ಕಾಡು: ಇವಾನ್ ಶಿಶ್ಕಿನ್‌ನ ತೈಲಚಿತ್ರಗಳು ಮತ್ತು ಅವುಗಳ ಬೆಲೆ

‘ಪೈನ್ ಕಾಡಿನಲ್ಲಿ ಬೆಳಗು’ ಎಂಬ ತೈಲಚಿತ್ರ 1889ರಲ್ಲಿ ಸಿದ್ಧವಾದಾಗ ಅದರ ಮೇಲೆ ಇಬ್ಬರ ಸಹಿ ಇತ್ತು. ಮಂಜು ಕವಿದ ಕಾಡನ್ನು ಬರೆದವನು ರಷ್ಯದ ನಿಸರ್ಗಚಿತ್ರಕಾರ ಇವಾನ್ ಶಿಶ್ಕಿನ್. ಮುರಿದು ವಾಲಿದ ಮರದ ಮೇಲೆ ಹತ್ತಿ ಆಡುವ ಕರಡಿಮರಿಗಳನ್ನೂ ಅವುಗಳ ತಾಯಿಯನ್ನೂ ಬರೆದವನು ಅವನ ಗೆಳೆಯ ಕಾನ್‌ಸ್ಟಾಂಟಿನ್ ಸವಿತ್ಸ್ಕಿ. ಮಾಸ್ಕೋದ ಜವಳಿ ವ್ಯಾಪಾರಿ ಪಾವೆಲ್ ಟ್ರೆಟ್ಯಾಕೋವ್ ಈ ಚಿತ್ರವನ್ನು ನಾಲ್ಕು ಸಾವಿರ ರೂಬಲ್‌ಗೆ ಕೊಂಡ. ಕರಡಿ ಬರೆದ ಸವಿತ್ಸ್ಕಿಗೆ ಅದರಲ್ಲಿ ಕಾಲು ಪಾಲು ಸಂದಿತು. ಚಿತ್ರ ಕೈಸೇರಿದ ಮೇಲೆ ಟ್ರೆಟ್ಯಾಕೋವ್ ಟರ್ಪೆಂಟೈನ್‌ನಿಂದ ಸವಿತ್ಸ್ಕಿಯ ಹೆಸರನ್ನು ಒರೆಸಿಹಾಕಿದ. ಕಲ್ಪನೆಯಿಂದ ಹಿಡಿದು ಕೊನೆಯ ಕುಂಚದ ಗೀರಿನವರೆಗೆ ಅಲ್ಲಿ ಕಾಣುವುದು ಶಿಶ್ಕಿನ್‌ನ ಕೈಯೇ ಎಂಬುದು ಅವನ ವಾದವಾಗಿತ್ತು. ಆದ್ದರಿಂದ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ ಇಂದಿಗೂ ಆ ಚಿತ್ರ ಶಿಶ್ಕಿನ್‌ನ ಒಬ್ಬನ ಹೆಸರಿನಲ್ಲಿದೆ.

ದುಡ್ಡು ಕೊಟ್ಟ ಮನುಷ್ಯ ಯಾವುದಕ್ಕೆ ದುಡ್ಡು ಕೊಟ್ಟ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಶಿಶ್ಕಿನ್‌ನ ಚಿತ್ರಗಳನ್ನು ಮೊದಲ ಬಾರಿ ನೋಡುವವರು ‘ಥೇಟ್ ಫೋಟೋ’ ಎನ್ನುತ್ತಾರೆ. ಕೆಲವರ ಬಾಯಲ್ಲಿ ಅದು ಹೊಗಳಿಕೆ, ಕೆಲವು ವಿಮರ್ಶಕರ ಬಾಯಲ್ಲಿ ಬೈಗುಳ. ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದರೆ ಅದರಲ್ಲಿ ಕಲಾವಿದನದೇನು, ಒಂದು ಮರದ ಕಾಂಡದ ಚಿತ್ರಕ್ಕೆ ಸಾವಿರಾರು ರೂಬಲ್ ಏಕೆ, ಅದನ್ನು ಇನ್ನೊಬ್ಬನ ಕೈಕೆಲಸದಿಂದ ಬೇರೆ ಮಾಡಿ ಗುರುತಿಸುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಆ ‘ಫೋಟೋತನ’ ಹೇಗೆ ಕಟ್ಟಲ್ಪಡುತ್ತದೆ ಎಂದು ನೋಡಬೇಕು. ಇಲ್ಲೊಂದು ಗೊಂದಲವನ್ನು ಮೊದಲೇ ಕಳೆದುಕೊಳ್ಳುವುದು ಒಳ್ಳೆಯದು. ಫೋಟೋರಿಯಲಿಸಂ ಎಂದು ಕರೆಯಲಾಗುವ ಚಳವಳಿ ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ್ದು. ರಿಚರ್ಡ್ ಎಸ್ಟಿಸ್, ಚಕ್ ಕ್ಲೋಸ್ ಮೊದಲಾದವರು ಛಾಯಾಚಿತ್ರವನ್ನೇ ವಸ್ತುವಾಗಿಟ್ಟುಕೊಂಡು, ಅದನ್ನು ದೊಡ್ಡದು ಮಾಡಿ ಕ್ಯಾನ್ವಾಸಿಗೆ ಇಳಿಸಿದರು. ಶಿಶ್ಕಿನ್ ಅದಕ್ಕಿಂತ ಮುಕ್ಕಾಲು ಶತಮಾನದಷ್ಟು ಹಿಂದಿನವನು. ಅವನ ಮುಂದೆ ಇದ್ದದ್ದು ಕಾಡು. ಇಂದು ರಷ್ಯದಲ್ಲಿ ಫೋಟೋದಂತಹ ತೈಲಚಿತ್ರ ಬರೆದು ಮಾರುವ ನಿಸರ್ಗಚಿತ್ರಕಾರರು ಬಹಳ ಮಂದಿ ಇದ್ದಾರೆ. ಅವರನ್ನು ಹೊಗಳುವವರೂ ತೆಗಳುವವರೂ ಹೋಲಿಕೆಗೆ ಮೊದಲು ಎತ್ತುವ ಹೆಸರು ಇವನದೇ.

ಅವನು ಹುಟ್ಟಿದ್ದು 1832ರ ಜನವರಿಯಲ್ಲಿ, ಕಾಮಾ ನದಿಯ ದಂಡೆಯ ಯೆಲಾಬುಗ ಎಂಬ ಸಣ್ಣ ಪಟ್ಟಣದಲ್ಲಿ. ಆಗ ಅದು ವ್ಯಾಟ್ಕ ಪ್ರಾಂತ್ಯಕ್ಕೆ ಸೇರಿತ್ತು, ಈಗ ತತಾರ್‌ಸ್ತಾನದಲ್ಲಿದೆ. ತಂದೆ ಇವಾನ್ ವಸಿಲ್ಯೆವಿಚ್ ಧಾನ್ಯದ ವ್ಯಾಪಾರಿ. ಆದರೆ ವ್ಯಾಪಾರಕ್ಕಿಂತ ಹಳೆಯ ಕೋಟೆಗಳ ಅವಶೇಷ, ಊರಿನ ಇತಿಹಾಸ ಮತ್ತು ಯಂತ್ರಗಳಲ್ಲಿ ಅವನಿಗೆ ಹೆಚ್ಚು ಮನಸ್ಸು. ಊರಿಗೆ ಮರದ ಕೊಳವೆಗಳಲ್ಲಿ ನೀರು ತರಿಸಿದವನೂ ಅವನೇ. ಪಟ್ಟಣದ ಸುತ್ತ ಎತ್ತರದ ಪೈನ್ ಕಾಡುಗಳು, ಹಡಗಿನ ಕೂವೆಕಂಬಕ್ಕೆ ಬೇಕಾದಷ್ಟು ನೇರವಾದ ಮರಗಳು. ಮಗನನ್ನು ಕಜಾನ್‌ನ ಶಾಲೆಗೆ ಕಳಿಸಿದರೆ ಅವನು 1848ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದ. ಸರ್ಕಾರಿ ಗುಮಾಸ್ತನಾಗುವ ಆಸೆ ಅವನಿಗಿರಲಿಲ್ಲ, ವ್ಯಾಪಾರವೂ ಹಿಡಿಸಲಿಲ್ಲ.

1852ರಲ್ಲಿ ಮಾಸ್ಕೋದ ಕಲಾಶಾಲೆ, 1856ರಲ್ಲಿ ಪೀಟರ್ಸ್‌ಬರ್ಗ್‌ನ ಇಂಪೀರಿಯಲ್ ಅಕಾಡೆಮಿ. ಅಲ್ಲಿನ ದೊಡ್ಡ ವಿಷಯಗಳೆಂದರೆ ಪುರಾಣ, ಬೈಬಲ್, ಯುದ್ಧ. ನಿಸರ್ಗಚಿತ್ರಕ್ಕೆ ಕೆಳಗಿನ ಪಂಕ್ತಿ. ಬರೆಯುವುದೇ ಆದರೆ ಇಟಲಿಯ ಬೆಟ್ಟ, ಪಾಳುಬಿದ್ದ ಕಂಬಸಾಲು ಇರಬೇಕೆಂಬ ರೂಢಿ ಆಗ ಇನ್ನೂ ಬಲವಾಗಿತ್ತು. ಶಿಶ್ಕಿನ್ ಬೇಸಿಗೆಯಲ್ಲಿ ಹೋದದ್ದು ಲಡೋಗ ಸರೋವರದ ವಲಾಮ್ ದ್ವೀಪಕ್ಕೆ. ಅಲ್ಲಿನ ಬಂಡೆ, ಪಾಚಿ, ಗಾಳಿಗೆ ಬಾಗಿದ ಪೈನ್‌ಗಳನ್ನು ಬರೆದ ಚಿತ್ರಗಳಿಗೇ 1860ರಲ್ಲಿ ಅಕಾಡೆಮಿಯ ದೊಡ್ಡ ಚಿನ್ನದ ಪದಕ ಬಂತು. ಆ ಪದಕದೊಡನೆ ಸರ್ಕಾರಿ ಖರ್ಚಿನಲ್ಲಿ ಯುರೋಪಿಗೆ ಹೋಗುವ ಹಕ್ಕೂ ಬಂದದ್ದರಿಂದ 1862ರಿಂದ ಮ್ಯೂನಿಕ್, ಜ್ಯೂರಿಕ್, ಡ್ಯುಸೆಲ್ಡಾರ್ಫ್‌ಗಳಲ್ಲಿ ಕಳೆದ. ಡ್ಯುಸೆಲ್ಡಾರ್ಫ್‌ನಲ್ಲಿ ಮರದ ಪ್ರತಿಯೊಂದು ಕೊಂಬೆಯನ್ನೂ ಬಿಡಿಬಿಡಿಯಾಗಿ ಬರೆಯುವ, ನುಣುಪಾದ ಮೇಲ್ಮೈಯ ನಿಸರ್ಗಚಿತ್ರದ ಒಂದು ಪರಂಪರೆಯೇ ಇತ್ತು. ಟ್ಯೂಟೊಬರ್ಗ್ ಕಾಡಿನಲ್ಲಿ ಕುಳಿತು ಅವನು ಪೆನ್ನಿನಲ್ಲಿ ಬಿಡಿಸಿದ ರೇಖಾಚಿತ್ರಗಳಿಗೆ ಜರ್ಮನಿಯಲ್ಲಿ ಹೆಸರು ಬಂತು. ‘ಡ್ಯುಸೆಲ್ಡಾರ್ಫ್ ಸಮೀಪದ ನೋಟ’ ಎಂಬ ಚಿತ್ರ 1865ರಲ್ಲಿ ಅವನಿಗೆ ಅಕಾಡೆಮಿಷಿಯನ್ ಪದವಿ ತಂದಿತು. ಆದರೆ ಅವನಿಗೆ ಪರದೇಶ ಒಗ್ಗಲಿಲ್ಲ. ಅವಧಿ ಮುಗಿಯುವ ಮೊದಲೇ ಊರಿಗೆ ಮರಳಿದ. ಡ್ಯುಸೆಲ್ಡಾರ್ಫ್‌ನ ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಲಂಡನ್ನಿನ ಒಂದು ಹರಾಜಿನ ಕಥೆಗೆ ಅದೇ ಬೀಗದ ಕೈ.

ರಷ್ಯದ ಬೇಸಿಗೆ ಚಿಕ್ಕದು. ಆ ಕೆಲವು ತಿಂಗಳು ಶಿಶ್ಕಿನ್ ಪೀಟರ್ಸ್‌ಬರ್ಗ್‌ನ ಆಚೆಯ ಸಿವೆರ್‌ಸ್ಕಯ, ಲೂಗ ಮುಂತಾದ ಕಡೆ ಮನೆ ಹಿಡಿದು, ಬೆಳಗಿನಿಂದ ಕಾಡಿನಲ್ಲಿ ಕುಳಿತು ‘ಎತ್ಯೂದ್’ ಬರೆಯುತ್ತಿದ್ದ. ಎತ್ಯೂದ್ ಎಂದರೆ ನಿಸರ್ಗದ ಎದುರಿಗೇ ಬರೆದ ಅಭ್ಯಾಸಚಿತ್ರ: ಒಂದು ಬೇರು, ಜರೀಗಿಡಗಳ ಒಂದು ಗುಂಪು, ಬಿಸಿಲು ಬಿದ್ದ ತೊಗಟೆಯ ಒಂದು ತುಂಡು. ದೊಡ್ಡ ಚಿತ್ರ ಹುಟ್ಟುತ್ತಿದ್ದುದು ಚಳಿಗಾಲದಲ್ಲಿ, ಪಟ್ಟಣದ ಚಿತ್ರಶಾಲೆಯಲ್ಲಿ, ಈ ನೂರಾರು ಅಭ್ಯಾಸಗಳನ್ನು ಮುಂದಿಟ್ಟುಕೊಂಡು. ಅಂದರೆ ನಾವು ‘ಫೋಟೋ’ ಎಂದು ನಂಬುವ ಆ ಕಾಡು ಆ ರೂಪದಲ್ಲಿ ಎಲ್ಲಿಯೂ ಇರಲಿಲ್ಲ. ಹಲವು ಕಡೆಯ, ಹಲವು ದಿನಗಳ ನೋಟಗಳನ್ನು ಜೋಡಿಸಿ ಕಟ್ಟಿದ ಕಾಡು ಅದು. 1872ರ ಬೇಸಿಗೆಯಲ್ಲಿ ಲೂಗದಲ್ಲಿ ಅವನೊಡನಿದ್ದ ಭಾವಚಿತ್ರಕಾರ ಇವಾನ್ ಕ್ರಮ್‌ಸ್ಕೊಯ್, ನಮ್ಮಲ್ಲಿ ನಿಸರ್ಗವನ್ನು ವಿದ್ವಾಂಸನ ಹಾಗೆ ಬಲ್ಲವನು ಇವನೊಬ್ಬನೇ ಎಂಬರ್ಥದ ಮಾತನ್ನು ಒಂದು ಪತ್ರದಲ್ಲಿ ಬರೆದ. ದಿನಕ್ಕೆ ಎರಡು ಮೂರು ಎತ್ಯೂದ್‌ಗಳನ್ನು, ಅವೂ ಅಷ್ಟು ತೊಡಕಿನವುಗಳನ್ನು, ಪೂರ್ತಿ ಮುಗಿಸಿಬಿಡುತ್ತಾನೆ ಎಂದು ಅವನಿಗೆ ಬೆರಗು.

ಆ ವಿದ್ವತ್ತು ಏನೆಂಬುದು ಚಿತ್ರದ ಹತ್ತಿರ ಹೋದರೆ ತಿಳಿಯುತ್ತದೆ. ಎತ್ತರದ ಪೈನ್ ಮರದ ಬುಡದಲ್ಲಿ ತೊಗಟೆ ದಪ್ಪ, ಬೂದುಕಂದು ಬಣ್ಣದ್ದು, ಸೀಳುಸೀಳು. ಮೇಲೇರಿದಂತೆ ಅದು ತೆಳುವಾಗಿ, ಕಿತ್ತಳೆಯ ಕಡೆಗೆ ತಿರುಗುತ್ತದೆ. ಒತ್ತಾದ ಕಾಡಿನೊಳಗಿನ ಮರಕ್ಕೆ ಕೆಳಗಿನ ಕೊಂಬೆಗಳು ಬಿಸಿಲಿಲ್ಲದೆ ಒಣಗಿ ಮುರಿದಿರುತ್ತವೆ. ಬಯಲಿನ ಒಂಟಿ ಮರಕ್ಕೆ ಕೊಂಬೆಗಳು ಅಗಲಕ್ಕೆ ಹರಡಿರುತ್ತವೆ. ಶಿಶ್ಕಿನ್ ಬರೆದ ಮರವನ್ನು ನೋಡಿ ಅದು ಎಂತಹ ನೆಲದಲ್ಲಿ, ಎಷ್ಟು ಒತ್ತಿನಲ್ಲಿ, ಯಾವ ಕಡೆಯ ಬೆಳಕಿನಲ್ಲಿ ಬೆಳೆದದ್ದೆಂದು ಊಹಿಸಬಹುದು. ಕಣ್ಣಿಗೆ ಕಂಡ ಗೆರೆಯನ್ನು ಕಾರಣ ತಿಳಿಯದೆ ಎಳೆದವನ ಚಿತ್ರದಲ್ಲಿ ಈ ಹೊಂದಾಣಿಕೆ ಎಲ್ಲಾದರೂ ತಪ್ಪಿಯೇ ತೀರುತ್ತದೆ.

ಇನ್ನು ಬಣ್ಣದ ಕೆಲಸ. ತೈಲವರ್ಣವೆಂದರೆ ಬಣ್ಣದ ಪುಡಿಯನ್ನು ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದದ್ದು. ಜಲವರ್ಣದ ನೀರಿನಂತೆ ಈ ಎಣ್ಣೆ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪೊರೆಯಾಗುತ್ತದೆ. ಮೇಲ್ಪದರ ಮುಟ್ಟಿದರೆ ಅಂಟದಷ್ಟು ಒಣಗಲು ದಿನಗಳು ಸಾಕು, ಪೂರ್ತಿ ಗಟ್ಟಿಯಾಗಲು ತಿಂಗಳು, ವರ್ಷಗಳೇ ಬೇಕು. ಈ ನಿಧಾನವೇ ನಿಸರ್ಗಚಿತ್ರಕಾರನ ಬಂಡವಾಳ. ಒಣಗುವ ಮೊದಲು ಒಂದು ಬಣ್ಣದ ಅಂಚನ್ನು ಇನ್ನೊಂದರೊಳಗೆ ಮೆಲ್ಲಗೆ ಬೆರೆಸಿದರೆ ಮಂಜು ಬರುತ್ತದೆ. ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ, ಪಾರದರ್ಶಕವಾದ ತೆಳುಪದರವನ್ನು ಎಳೆದರೆ ಕೆಳಗಿನ ಬಣ್ಣ ಒಳಗಿನಿಂದ ಬೆಳಗುತ್ತದೆ. ಆದ್ದರಿಂದ ಕಾಡಿನ ನೆರಳನ್ನು ಸಾಮಾನ್ಯವಾಗಿ ತೆಳುವಾಗಿ, ಪಾರದರ್ಶಕ ಕಂದುಗಳಲ್ಲಿ ಮೊದಲು ಹಾಕಿ, ಬಿಸಿಲು ಬಿದ್ದ ಎಲೆ, ತೊಗಟೆಗಳನ್ನು ದಪ್ಪ, ಅಪಾರದರ್ಶಕ ಬಣ್ಣದಲ್ಲಿ ಕೊನೆಗೆ ಎತ್ತಲಾಗುತ್ತದೆ. ಕೆಳಪದರಕ್ಕಿಂತ ಮೇಲ್ಪದರದಲ್ಲಿ ಎಣ್ಣೆ ಹೆಚ್ಚಿರಬೇಕೆಂಬುದು ಹಳೆಯ ನಿಯಮ. ಅದನ್ನು ಮೀರಿದರೆ ಕೆಳಪದರ ಇನ್ನೂ ಅಲುಗಾಡುತ್ತಿರುವಾಗಲೇ ಮೇಲ್ಪದರ ಬಿಗಿದು ಬಿರುಕು ಬಿಡುತ್ತದೆ. ವಾರ್ನಿಷ್ ಹಚ್ಚುವುದು ಆರು ತಿಂಗಳಿಗೋ ವರ್ಷಕ್ಕೋ. ಇಂದಿನ ಕಲಾವಿದರಿಂದ ದೊಡ್ಡ ತೈಲಚಿತ್ರ ಬರೆಸಿಕೊಳ್ಳುವವರಿಗೆ ಅದು ಬೇಗ ಕೈಸೇರದಿರುವುದಕ್ಕೂ, ಬೆಲೆ ಏರುವುದಕ್ಕೂ ಈ ರಸಾಯನವೇ ಒಂದು ಕಾರಣ.

ಆದರೆ ದೂರದಿಂದ ನೋಡಿದಾಗ ‘ಇದು ನಿಜ’ ಎನ್ನಿಸುವುದು ಎಲೆಗಳ ಎಣಿಕೆಯಿಂದಲ್ಲ, ಬೆಳಕು ಮತ್ತು ಕತ್ತಲೆಯ ಪ್ರಮಾಣದಿಂದ. ಗಾಳಿಯಲ್ಲಿರುವ ತೇವ, ಧೂಳುಗಳು ಬೆಳಕನ್ನು ಚದುರಿಸುವುದರಿಂದ ದೂರದ ಮರದ ಕಪ್ಪು ಹತ್ತಿರದ ಮರದ ಕಪ್ಪಿಗಿಂತ ತೆಳುವಾಗಿ, ನೀಲಿಗೆ ತಿರುಗಿ ಕಾಣುತ್ತದೆ. ‘ಪೈನ್ ಕಾಡಿನಲ್ಲಿ ಬೆಳಗು’ ಚಿತ್ರದಲ್ಲಿ ಮುಂದಿನ ಮರದ ಬೇರು, ತೊಗಟೆಗಳು ಬೆರಳಿಗೆ ಚುಚ್ಚುವಷ್ಟು ಸ್ಪಷ್ಟ. ಹಿಂದಿನ ಕಂದರದ ಮರಗಳು ಬರಿಯ ಬೂದುನೀಲಿ ಪಟ್ಟಿಗಳು. ಹಿಂದಿನದನ್ನೂ ಅಷ್ಟೇ ಬಿಡಿಸಿ ಬರೆದಿದ್ದರೆ ಮಂಜೂ ಹೋಗುತ್ತಿತ್ತು, ಆಳವೂ ಹೋಗುತ್ತಿತ್ತು. ಫೋಟೋದಂತೆ ಬರೆಯಲು ಹೊರಟ ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ: ಎಲ್ಲವನ್ನೂ ಒಂದೇ ಗಟ್ಟಿತನದಲ್ಲಿ ಬರೆದು, ಕಾಡಿನ ಬದಲು ಕತ್ತರಿಸಿ ಅಂಟಿಸಿದ ಎಲೆಗಳ ರಾಶಿಯನ್ನು ಮುಂದಿಡುತ್ತಾರೆ.

ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ಈ ಆಯ್ಕೆ ಎಷ್ಟು ಗಾಢವಾಗಿರಬಲ್ಲದು ಎಂಬುದಕ್ಕೆ 1878ರ ‘ರೈ’ ಚಿತ್ರವನ್ನು ನೋಡಬೇಕು. ಸುಮಾರು ಒಂದು ಮೀಟರ್ ಎತ್ತರ, ಎರಡು ಮೀಟರಿಗೆ ಸ್ವಲ್ಪ ಕಡಿಮೆ ಅಗಲ. ಗೋಧಿಯಂತಹ ರೈ ಧಾನ್ಯದ ಮಾಗಿದ ಪೈರಿನ ಹೊಲ, ಅದನ್ನು ಸೀಳಿಕೊಂಡು ಒಳಗೆ ಹೋಗಿ ಕಾಣೆಯಾಗುವ ಗಾಡಿದಾರಿ, ಹೊಲದ ನಡುವೆ ಕಾವಲು ನಿಂತಂತೆ ಎತ್ತರದ ಪೈನ್‌ಗಳು, ದಿಗಂತದಲ್ಲಿ ಕೂಡಿಕೊಳ್ಳುತ್ತಿರುವ ಮೋಡ, ನೆಲಕ್ಕೆ ಹತ್ತಿರ ಹಾರುವ ಹಕ್ಕಿಗಳು. 1877ರಲ್ಲಿ ಮಗಳೊಡನೆ ಯೆಲಾಬುಗಕ್ಕೆ ಹೋಗಿದ್ದಾಗ ಮಾಡಿಕೊಂಡ ಒಂದು ರೇಖಾಚಿತ್ರದ ಮೇಲೆ ಅವನು ವಿಸ್ತಾರ, ಬಯಲು, ರೈ, ದೇವರ ಕೃಪೆ, ರಷ್ಯದ ಸಂಪತ್ತು ಎಂಬರ್ಥದ ಬಿಡಿಮಾತುಗಳನ್ನು ಗೀಚಿಕೊಂಡಿದ್ದಾನೆ. ಇಷ್ಟನ್ನೇ ಓದಿದರೆ ಇದು ಸಮೃದ್ಧಿಯ ಚಿತ್ರ. ಆದರೆ ಆ ಸಮೃದ್ಧಿಯ ನಡುವೆ, ಬಲಿತ ಪೈನ್‌ಗಳ ಸಾಲಿನಲ್ಲಿ, ಒಂದು ಸತ್ತ ಮರ ಬೋಳಾಗಿ ನಿಂತಿದೆ. 1872ರಲ್ಲಿ ತಂದೆ, 1874ರಲ್ಲಿ ಹೆಂಡತಿ ಯೆವ್ಗೇನಿಯ, ಅದೇ ವರ್ಷಗಳಲ್ಲಿ ಗಂಡುಮಕ್ಕಳು ತೀರಿಕೊಂಡಿದ್ದರು. ಹೆಂಡತಿಯ ತಮ್ಮ, ಅಪಾರ ಪ್ರತಿಭೆಯ ನಿಸರ್ಗಚಿತ್ರಕಾರ ಫ್ಯೋದರ್ ವಸಿಲ್ಯೆವ್, 1873ರಲ್ಲಿ ಯಾಲ್ಟಾದಲ್ಲಿ ಕ್ಷಯದಿಂದ 23ನೆಯ ವಯಸ್ಸಿಗೇ ಹೋಗಿದ್ದ. ಸತ್ತ ಮರ ಈ ಸಾವುಗಳ ಗುರುತು ಎಂದು ಹೇಳುವವರಿದ್ದಾರೆ. ಹಾಗೆ ನೇರವಾಗಿ ಗಂಟು ಹಾಕುವುದು ನನಗೆ ಅತಿಯೆನಿಸುತ್ತದೆ. ಆದರೆ ಬೇಡವಾಗಿದ್ದರೆ ಆ ಮರವನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಅವನಿಗಿತ್ತು, ಅವನು ಬಿಡಲಿಲ್ಲ. ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು. ಮುಂದೆ 1880ರಲ್ಲಿ ತನ್ನ ಶಿಷ್ಯೆ, ಸ್ವತಃ ಒಳ್ಳೆಯ ಚಿತ್ರಕಾರ್ತಿಯಾಗಿದ್ದ ಓಲ್ಗಾ ಲಗೋದಳನ್ನು ಮದುವೆಯಾದ. ಮರುವರ್ಷವೇ, ಹೆಣ್ಣುಮಗುವಿಗೆ ಜನ್ಮವಿತ್ತ ಸ್ವಲ್ಪ ಕಾಲಕ್ಕೆ, ಅವಳೂ ತೀರಿಕೊಂಡಳು.

ಕ್ಯಾಮೆರಾದ ಬಗ್ಗೆ ಶಿಶ್ಕಿನ್‌ಗೆ ಹಗೆಯಿರಲಿಲ್ಲ. ಅವನು ಛಾಯಾಗ್ರಹಣದಲ್ಲಿ ಆಸಕ್ತನಾಗಿದ್ದ. 1890ರ ದಶಕದಲ್ಲಿ ಅಕಾಡೆಮಿಯಲ್ಲಿ ನಿಸರ್ಗಚಿತ್ರದ ವಿಭಾಗ ನಡೆಸುವಾಗ ಚಳಿಗಾಲದ ಕತ್ತಲ ತಿಂಗಳುಗಳಲ್ಲಿ ವಿದ್ಯಾರ್ಥಿಗಳಿಂದ ಛಾಯಾಚಿತ್ರಗಳನ್ನು ನೋಡಿ ರೇಖಾಭ್ಯಾಸ ಮಾಡಿಸುತ್ತಿದ್ದ. ಪ್ರತಿಭೆಯಿಲ್ಲದವನು ಛಾಯಾಚಿತ್ರದ ಬೇಡದ ವಿವರಗಳನ್ನೆಲ್ಲ ಗುಲಾಮನಂತೆ ನಕಲು ಮಾಡುತ್ತಾನೆ, ಬುದ್ಧಿಯುಳ್ಳವನು ತನಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳುತ್ತಾನೆ ಎಂಬುದು ಅವನ ನಿಲುವು. ಆ ಕಾಲದ ಛಾಯಾಚಿತ್ರಕ್ಕೆ ಬಣ್ಣವಿರಲಿಲ್ಲ. ಬಿಸಿಲಿಗೆ ಹೊಂದಿಸಿದರೆ ನೆರಳು ಕಪ್ಪು ಮುದ್ದೆಯಾಗುತ್ತಿತ್ತು, ನೆರಳಿಗೆ ಹೊಂದಿಸಿದರೆ ಆಕಾಶ ಬೆಳ್ಳಗಾಗಿ ಸುಟ್ಟುಹೋಗುತ್ತಿತ್ತು. ಮನುಷ್ಯನ ಕಣ್ಣು ಕಾಡಿನೊಳಗೆ ನೆರಳು, ಬಿಸಿಲುಗಳ ನಡುವೆ ಓಡಾಡುತ್ತ ಎರಡಕ್ಕೂ ಹೊಂದಿಕೊಳ್ಳುತ್ತದೆ. ಶಿಶ್ಕಿನ್ ಕ್ಯಾನ್ವಾಸಿನಲ್ಲಿ ತಂದದ್ದು ಹೀಗೆ ಓಡಾಡಿದ ಕಣ್ಣಿನ ಒಟ್ಟು ಅನುಭವವನ್ನು. ಆದ್ದರಿಂದಲೇ ಅವನ ಚಿತ್ರ ಆ ಕಾಲದ ಯಾವ ಫೋಟೋಕ್ಕಿಂತಲೂ ಹೆಚ್ಚು ‘ಫೋಟೋ’ದಂತೆ ನಮಗೆ ತೋರುತ್ತದೆ.

ಅದೇ ಅಕಾಡೆಮಿಯಲ್ಲಿ ಅವನ ಗೆಳೆಯನೂ ಎದುರುವಾದಿಯೂ ಆಗಿದ್ದ ಅರ್ಖೀಪ್ ಕುಯಿಂಜಿ ಕಲಿಸುತ್ತಿದ್ದ. ವಿವರಗಳನ್ನು ಬದಿಗೊತ್ತಿ, ಬೆಳಕಿನ ಒಂದು ಹೊಡೆತಕ್ಕೆ ಇಡೀ ಚಿತ್ರವನ್ನು ಒಪ್ಪಿಸುವುದು ಕುಯಿಂಜಿಯ ದಾರಿ. ವಿದ್ಯಾರ್ಥಿಗಳು ಹೆಚ್ಚಾಗಿ ಒಲಿದದ್ದೂ ಅವನಿಗೆ. ಆ ಶಿಷ್ಯರಲ್ಲಿ ಒಬ್ಬನಾಗಿದ್ದ ನಿಕೊಲಾಯ್ ರೋರಿಕ್ ಮುಂದೆ ಹಿಮಾಲಯದ ಚಿತ್ರಗಳಿಂದ ಭಾರತಕ್ಕೆ ಪರಿಚಿತನಾದ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರೊಡನೆ ದಶಕಗಳ ಕಾಲ ನೆಲೆಸಿದ್ದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳನ್ನು ನೋಡಿದವರಿಗೆ ರಷ್ಯದ ನಿಸರ್ಗಚಿತ್ರವೆಂದರೆ ಸಮತಟ್ಟಾದ, ಹೊಳೆಯುವ ಬಣ್ಣದ ಪಟ್ಟಿಗಳು ನೆನಪಾಗುವುದು ಸಹಜ. ಅದು ಕುಯಿಂಜಿಯ ಕವಲು, ಶಿಶ್ಕಿನ್‌ನದು ಅದರ ಪಕ್ಕದ ಇನ್ನೊಂದು.

ಈ ಚಿತ್ರಗಳನ್ನು ಕೊಂಡವರು ಯಾರು? ಅರಮನೆ, ಅಕಾಡೆಮಿಗಳ ಕೃಪೆಯಿಲ್ಲದೆ ಬದುಕಬೇಕೆಂದು ಹೊರಟ ಕಲಾವಿದರು 1870ರಲ್ಲಿ ಸಂಚಾರಿ ಕಲಾಪ್ರದರ್ಶನಗಳ ಸಂಘ ಕಟ್ಟಿದರು. ‘ಪೆರೆದ್ವಿಜ್ನಿಕಿ’ ಎಂದು ಹೆಸರಾದ ಆ ಗುಂಪಿನ ಸ್ಥಾಪಕರಲ್ಲಿ ಶಿಶ್ಕಿನ್ ಒಬ್ಬ. 1871ರ ಕೊನೆಗೆ ಪೀಟರ್ಸ್‌ಬರ್ಗ್‌ನಲ್ಲಿ ಆರಂಭವಾದ ಮೊದಲ ಪ್ರದರ್ಶನ ಮಾಸ್ಕೋ, ಕೀವ್, ಖಾರ್ಕೊವ್‌ಗಳಿಗೂ ಹೋಯಿತು. ಜನ ಟಿಕೆಟ್ ಕೊಂಡು ನೋಡಿದರು, ಟಿಕೆಟ್ಟಿನ ಹಣ ಸದಸ್ಯರಿಗೆ ಹಂಚಿಕೆಯಾಯಿತು, ಮಾರಾಟವಾದ ಚಿತ್ರದ ಬೆಲೆಯಲ್ಲಿ ನೂರಕ್ಕೆ ಐದು ಸಂಘದ ನಿಧಿಗೆ ಸೇರಿತು. ಹೊಸದಾಗಿ ಹಣ ಕಂಡ ವ್ಯಾಪಾರಿಗಳು, ವಕೀಲರು, ವೈದ್ಯರು ಪುರಾಣದ ದೇವತೆಗಳಿಗಿಂತ ತಾವು ನಡೆದಾಡಿದ ಕಾಡನ್ನು ಗೋಡೆಯ ಮೇಲೆ ನೋಡಲು ಬಯಸಿದರು; ತಮಗೆ ಗೊತ್ತಿರುವ ಮರ ಸರಿಯಾಗಿದೆಯೇ ಎಂದು ಪರೀಕ್ಷಿಸಬಲ್ಲ ಗಿರಾಕಿಗಳು ಅವರು. ತೈಲಚಿತ್ರ ಕೊಳ್ಳಲಾಗದವರಿಗೆ ಎಚ್ಚಿಂಗ್‌ಗಳಿದ್ದವು. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ಈ ಕಲೆಯಲ್ಲಿ ಶಿಶ್ಕಿನ್ ಪಳಗಿದವನು. ಅವನ 60 ಎಚ್ಚಿಂಗ್‌ಗಳ ಸಂಪುಟ 1894ರಲ್ಲಿ ಹೊರಬಂತು. ಟ್ರೆಟ್ಯಾಕೋವ್ ತನ್ನ ಸಂಗ್ರಹವನ್ನು 1892ರಲ್ಲಿ ಮಾಸ್ಕೋ ನಗರಕ್ಕೆ ಕೊಟ್ಟುಬಿಟ್ಟ. ಕರಡಿಗಳ ಚಿತ್ರ ಮಿಠಾಯಿ ಕಾಗದದ ಮೇಲೂ ಏರಿ, ರಷ್ಯದ ಮಕ್ಕಳಿಗೆಲ್ಲ ಶಿಶ್ಕಿನ್‌ನ ಹೆಸರಿಗಿಂತ ಮೊದಲೇ ಪರಿಚಯವಾಗುವಂತಾಯಿತು.

ಕೊನೆಯ ದೊಡ್ಡ ಚಿತ್ರ ‘ಹಡಗುಮರಗಳ ತೋಪು’ 1898ರದ್ದು, ಯೆಲಾಬುಗದ ಕಾಡೇ ಅದರ ವಸ್ತು. ಅದೇ ವರ್ಷದ ಮಾರ್ಚ್‌ನಲ್ಲಿ ‘ಕಾಡಿನ ಸಾಮ್ರಾಜ್ಯ’ ಎಂಬ ಹೊಸ ಚಿತ್ರದ ಮುಂದೆ ಕುಳಿತಿದ್ದಾಗಲೇ ಪೀಟರ್ಸ್‌ಬರ್ಗ್‌ನ ತನ್ನ ಚಿತ್ರಶಾಲೆಯಲ್ಲಿ ಅವನು ಸತ್ತ.

ಒಂದು ಶತಮಾನ ಕಳೆದು, ರಷ್ಯದಲ್ಲಿ ಹೊಸ ಶ್ರೀಮಂತರು ಹುಟ್ಟಿದ ಮೇಲೆ, ಶಿಶ್ಕಿನ್‌ನ ಬೆಲೆ ಲಂಡನ್ನಿನ ಹರಾಜುಗಳಲ್ಲಿ ಲಕ್ಷಾಂತರ ಪೌಂಡ್‌ಗೆ ಏರಿತು. 2004ರಲ್ಲಿ ಸೋದಬೀಸ್ ಸಂಸ್ಥೆ ಅವನದೆಂದು ಒಂದು ತೊರೆಯ ನಿಸರ್ಗಚಿತ್ರವನ್ನು ಏಳು ಲಕ್ಷ ಪೌಂಡ್‌ವರೆಗಿನ ಅಂದಾಜಿನಲ್ಲಿ ಹರಾಜಿಗಿಟ್ಟು, ಇನ್ನೇನು ಕೂಗುವ ಹೊತ್ತಿಗೆ ಹಿಂತೆಗೆದುಕೊಂಡಿತು. ಆ ಚಿತ್ರ ಹಿಂದಿನ ವರ್ಷವಷ್ಟೇ ಸ್ವೀಡನ್ನಿನ ಹರಾಜೊಂದರಲ್ಲಿ, ಮರೀನಸ್ ಕುಕುಕ್ ಎಂಬ ಡಚ್ ಚಿತ್ರಕಾರನ ಹೆಸರಿನಲ್ಲಿ, ಅದರ ಒಂದು ಸಣ್ಣ ಪಾಲಿನಷ್ಟು ಬೆಲೆಗೆ ಮಾರಾಟವಾಗಿತ್ತು. ನಡುವೆ ಯಾರೋ ಕುರಿಗಾಹಿ, ಕುರಿಮರಿಗಳನ್ನು ಅಳಿಸಿ, ಶಿಶ್ಕಿನ್‌ನ ಸಹಿ ಸೇರಿಸಿದ್ದರು. ಚಿತ್ರದೊಡನೆ ಟ್ರೆಟ್ಯಾಕೋವ್ ಗ್ಯಾಲರಿಯ ತಜ್ಞರ ಪ್ರಮಾಣಪತ್ರವೂ ಇತ್ತು. ತಜ್ಞರೇ ಮೋಸಹೋದದ್ದಕ್ಕೆ ಕಾರಣ ಸಾಮಾನ್ಯದ್ದಲ್ಲ. ಕ್ಯಾನ್ವಾಸ್ ಹಳೆಯದು, ಬಣ್ಣ ಹಳೆಯದು, ಬರೆದವನು ಪಳಗಿದ ಕೈಯವನು. ಜೊತೆಗೆ ಡ್ಯುಸೆಲ್ಡಾರ್ಫ್ ಕಾಲದ ಶಿಶ್ಕಿನ್‌ನೂ ಆ ಪೀಳಿಗೆಯ ಜರ್ಮನ್, ಡಚ್ ಚಿತ್ರಕಾರರೂ ಮರವನ್ನು ಬರೆಯುತ್ತಿದ್ದ ರೀತಿ ಒಂದಕ್ಕೊಂದು ಬಹಳ ಹತ್ತಿರ. ಮರ ಮರದಂತೆಯೇ ಇದೆ ಎಂಬುದಷ್ಟೇ ಆಧಾರವಾದಾಗ ಇಬ್ಬರನ್ನು ಬೇರ್ಪಡಿಸುವುದು ಕಷ್ಟ.

ಆದ್ದರಿಂದ ಪರೀಕ್ಷಕರು ಈಗ ಚಿತ್ರದ ಹೊರಮೈಯನ್ನು ನಂಬಿ ಕೂರುವುದಿಲ್ಲ. ಹಳೆಯ ತೈಲವರ್ಣದಲ್ಲಿ ವರ್ಷಗಳಲ್ಲಿ ಮೂಡಿದ ಬಿರುಕುಗಳ ಒಳಕ್ಕೆ ಸಹಿಯ ಬಣ್ಣ ಇಳಿದಿದ್ದರೆ ಸಹಿ ಬಿರುಕಿಗಿಂತ ಹೊಸದು. ಅತಿನೇರಳೆ ದೀಪದಡಿ ಹಳೆಯ ವಾರ್ನಿಷ್ ಹಸಿರಾಗಿ ಬೆಳಗಿದರೆ, ಅದರ ಮೇಲೆ ಆಮೇಲೆ ತಿದ್ದಿದ ಭಾಗಗಳು ಕಪ್ಪು ತೇಪೆಗಳಾಗಿ ಕಾಣುತ್ತವೆ. ಅವಕೆಂಪು ಕಿರಣಗಳು ಬಣ್ಣದ ಕೆಳಗಿನ ಇದ್ದಿಲಿನ ರೇಖೆಗಳನ್ನು ತೋರಿಸುತ್ತವೆ. ಎಲ್ಲಿ ಕೊಂಬೆಯನ್ನು ಸರಿಸಿದ, ಎಲ್ಲಿ ಮರವನ್ನೇ ಕೈಬಿಟ್ಟ ಎಂಬ ಯೋಚನೆಯ ಜಾಡು ಅಲ್ಲಿ ಉಳಿದಿರುತ್ತದೆ. ಟೈಟೇನಿಯಂ ಬಿಳಿ ಸಿಕ್ಕರೆ ಆ ಭಾಗ 1898ಕ್ಕಿಂತ ಬಹಳ ಈಚಿನದು, ಏಕೆಂದರೆ ಆ ಬಣ್ಣ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಇದೇ ಬಗೆಯ ‘ರಷ್ಯೀಕರಣ’ಗೊಂಡ ಇನ್ನೂ ಹಲವು ಪಾಶ್ಚಾತ್ಯ ನಿಸರ್ಗಚಿತ್ರಗಳು ಪತ್ತೆಯಾದ ಮೇಲೆ ರಷ್ಯದ ಸಂಸ್ಕೃತಿ ಇಲಾಖೆಯ ಅಧಿಕಾರಿಗಳು 2007ರಿಂದ ಅಂತಹ ನಕಲಿಗಳ ಕ್ಯಾಟಲಾಗ್‌ಗಳನ್ನೇ ಪ್ರಕಟಿಸತೊಡಗಿದರು. ಅವುಗಳಲ್ಲಿ ಒಂದು ಬದಿಗೆ ಯುರೋಪಿನ ಸಣ್ಣ ಹರಾಜಿನಲ್ಲಿ ಮಾರಾಟವಾದಾಗಿನ ಚಿತ್ರ, ಇನ್ನೊಂದು ಬದಿಗೆ ಅದೇ ಚಿತ್ರ ರಷ್ಯನ್ ಸಹಿಯೊಡನೆ. ಚಿತ್ರ ಕೊಳ್ಳುವವರು ಈಗ ಸಹಿ ನೋಡುವ ಮೊದಲು ಆ ಕ್ಯಾನ್ವಾಸ್ ಹಿಂದೆ ಎಲ್ಲೆಲ್ಲಿ, ಯಾರ ಹೆಸರಿನಲ್ಲಿ ಮಾರಾಟವಾಗಿತ್ತು ಎಂಬ ದಾಖಲೆ ಕೇಳುತ್ತಾರೆ.